ನಾರ್ವೇಜಿಯನ್ ಸಮಾಸಪದಗಳನ್ನು ಬಿಡಿಸುವುದು, ಉಚ್ಚಾರಾಂಶಗಳಾಗಿ ಒಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಓಸ್ಲೋಗೋ ಬರ್ಗೆನ್‌ಗೋ ಹೋಗಿ ನೆಲೆಸಿದ ಕನ್ನಡಿಗರು ನಾರ್ವೇಜಿಯನ್ ಕಲಿಯಲು ಕೂತಾಗ ಮೊದಲು ಎಡವುವುದೇ ಪದಗಳ ಉದ್ದದಲ್ಲಿ. ಸರ್ಕಾರಿ ಕಾಗದ ಬಿಡಿಸಿದರೆ ಒಂದೊಂದು ಪದ ಅರ್ಧ ಸಾಲು ಹಿಡಿದಿರುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಸಾಲು ಮುಗಿದರೆ ಎಲ್ಲಿ ಮುರಿಯಬೇಕು, ಯಾವ ಅಕ್ಷರ ಯಾವ ಕಡೆಗೆ ಸೇರಿದ್ದು, ಯಾವುದೂ ಹೊಳೆಯುವುದಿಲ್ಲ. ಕಲಿಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಎಲ್ಲ ಉತ್ತರಗಳ ಹಿಂದೆ ಇರುವ ಸೂತ್ರ ಒಂದೇ: ಮೊದಲು ಬೆಸುಗೆ (ಎರಡು ಪದ ಕೂಡಿದ ಜಾಗ) ಹುಡುಕಿ, ಆಮೇಲೆ ಉಚ್ಚಾರಾಂಶ (ಸಿಲಬಲ್) ಎಣಿಸಿ.

ಇಲ್ಲಿ ನಾರ್ವೇಜಿಯನ್ ಪದಗಳನ್ನು ಕನ್ನಡದಲ್ಲಿ ಹೇಗೆ ಬರೆದಿದ್ದೀರಿ?

ಕಾಗುಣಿತಕ್ಕೆ ಆದಷ್ಟು ಹತ್ತಿರವಾಗಿ. ಜೋಡಿ ವ್ಯಂಜನಗಳನ್ನು ಹಾಗೇ ಉಳಿಸಿದ್ದೇನೆ, ಏಕೆಂದರೆ ಬಿಡಿಸುವಾಗ ಲೆಕ್ಕಕ್ಕೆ ಬರುವುದೇ ಅವು. ನಾರ್ವೇಜಿಯನ್‌ನ ಸಾಮಾನ್ಯ ತಕಾರ, ದಕಾರಗಳು ನಮ್ಮ ತ, ದಗಳಂತೆ ಹಲ್ಲಿಗೆ ತಾಗುವ ಧ್ವನಿಗಳು. ಆದ್ದರಿಂದ ಇಂಗ್ಲಿಷ್ ಅಭ್ಯಾಸದಂತೆ ಟ, ಡ ಬರೆದಿಲ್ಲ. ಉದಾಹರಣೆಗಳು ಬೊಕ್‌ಮೋಲ್ ರೂಪದವು. ಇನ್ನೊಂದು ಅಧಿಕೃತ ಬರವಣಿಗೆಯಾದ ನ್ಯೂನೊರ್ಸ್ಕ್‌ನಲ್ಲಿ ಕೆಲವು ಪದಗಳ ರೂಪ ಬೇರೆ (ಆಸ್ಪತ್ರೆಗೆ ಬೊಕ್‌ಮೋಲ್‌ನಲ್ಲಿ ಸ್ಯೂಕೆಹೂಸ್, ನ್ಯೂನೊರ್ಸ್ಕ್‌ನಲ್ಲಿ ಷೂಕೆಹೂಸ್). ಆದರೆ ಬಿಡಿಸುವ ಕ್ರಮ ಎರಡರಲ್ಲೂ ಒಂದೇ.

ಸಮಾಸ ಬಿಡಿಸುವುದು, ಉಚ್ಚಾರಾಂಶ ಒಡೆಯುವುದು ಎರಡೂ ಒಂದೇ ಅಲ್ಲವೇ?

ಅಲ್ಲ. ಗೊಂದಲವೆಲ್ಲ ಹುಟ್ಟುವುದು ಎರಡನ್ನೂ ಒಂದೇ ಎಂದುಕೊಂಡಾಗ. ನಾರ್ವೆಯ ಎಲ್ಲ ಅಂಗಡಿಗಳಲ್ಲೂ ಸಿಗುವ ಕಂದು ಚೀಸನ್ನೇ ತೆಗೆದುಕೊಳ್ಳಿ. ಹಾಲೊಡಕನ್ನು ಬತ್ತಿಸಿ ಮಾಡುವ ಈ ಸಿಹಿ ಚೀಸಿನ ಹೆಸರು ಬ್ರೂನುಸ್ತ್. ಬ್ರೂನ್ ಎಂದರೆ ಕಂದು, ಉಸ್ತ್ ಎಂದರೆ ಚೀಸ್. ಬಾಯಲ್ಲಿ ಹೇಳುವಾಗ ನಕಾರ ಮುಂದಿನ ಸ್ವರಕ್ಕೆ ಜಾರಿ ಬ್ರೂ-ನುಸ್ತ್ ಎಂದೇ ಕೇಳಿಸುತ್ತದೆ. ಬರವಣಿಗೆಯಲ್ಲಿ ಸಾಲಿನ ತುದಿಗೆ ಬಂದು ಮುರಿಯಬೇಕಾದರೆ ಬ್ರೂನ್-ಉಸ್ತ್ ಎಂದೇ ಮುರಿಯಬೇಕು. ಬ್ರೂ-ನುಸ್ತ್ ಎಂದು ಮುರಿದರೆ ಓದುಗ ‘ನುಸ್ತ್’ ಎಂಬ ಇಲ್ಲದ ಪದಕ್ಕೆ ಅರ್ಥ ಹುಡುಕುತ್ತಾನೆ.

ಅಂದರೆ ಕಿವಿ ಒಂದು ಕಡೆ ಕತ್ತರಿಸುತ್ತದೆ, ಅರ್ಥ ಇನ್ನೊಂದು ಕಡೆ. ನಾರ್ವೇಜಿಯನ್ ಬರವಣಿಗೆ ಸಮಾಸಪದಗಳಲ್ಲಿ ಅರ್ಥದ ಪಕ್ಷ ವಹಿಸುತ್ತದೆ. ಒಂಟಿ ಪದಗಳಲ್ಲಿ ಕಿವಿಗೆ ಹೆಚ್ಚು ಹತ್ತಿರವಾದ ನಿಯಮ ನಡೆಯುತ್ತದೆ. ಅದು ಮುಂದೆ ಬರುತ್ತದೆ.

ಕನ್ನಡಿಗರಿಗೆ ಇದು ಯಾಕೆ ಅಷ್ಟು ಕಷ್ಟ?

ನಮ್ಮ ಲಿಪಿಯ ಸ್ವಭಾವವೇ ಬೇರೆ. ಕನ್ನಡದಲ್ಲಿ ವ್ಯಂಜನ ಯಾವಾಗಲೂ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತದೆ. ಬ್ರೂನುಸ್ತ್ ಎಂದು ಬರೆದ ಕೂಡಲೇ ಬ್ರೂನ್‌ನ ಕೊನೆಯ ನಕಾರವೂ ಉಸ್ತ್‌ನ ಮೊದಲ ಉಕಾರವೂ ಸೇರಿ ‘ನು’ ಎಂಬ ಒಂದೇ ಅಕ್ಷರವಾಗಿಬಿಟ್ಟವು. ಬೆಸುಗೆ ಆ ಅಕ್ಷರದ ಹೊಟ್ಟೆಯೊಳಗೇ ಹೋಯಿತು. ಊರಲ್ಲಿ ಎಂಬುದರಲ್ಲಿ ಊರು ಎಲ್ಲಿ ಮುಗಿಯಿತು, ಅಲ್ಲಿ ಎಲ್ಲಿ ಶುರುವಾಯಿತು ಎಂದು ಬರಹ ನೋಡಿ ಬೆರಳಿಟ್ಟು ತೋರಿಸಲಾಗದು. ಸಂಧಿ ಬಿಡಿಸಿಯೇ ತೋರಿಸಬೇಕು. ರೋಮನ್ ಲಿಪಿಯಲ್ಲಿ ಅಕ್ಷರಗಳು ಬಿಡಿಬಿಡಿಯಾಗಿರುವುದರಿಂದ ಬೆಸುಗೆಯ ಜಾಗ ಖಾಲಿ ಇರುತ್ತದೆ. ಹಾಗಾಗಿ ನಾರ್ವೇಜಿಯನ್ ಟಿಪ್ಪಣಿಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರು ಸಮಾಸಪದಗಳನ್ನು ಮಾತ್ರ ಮೂಲ ಲಿಪಿಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯದಲ್ಲಿ ಮಾತ್ರ ನಮಗೆ ಅನುಕೂಲವಿದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಛಂದಸ್ಸಿನ ಪಾಠದಲ್ಲಿ ಕಲಿತಿದ್ದೇವಲ್ಲ, ಅದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಬರೆಯುವಾಗ ಕ-ತ್ತೆ ಎಂದು ಎರಡು ಅಕ್ಷರ ಎಣಿಸಿದರೂ ‘ಕ’ ಗುರುವಾಗುವುದು ಕತ್-ತೆ ಎಂದು ಉಸಿರು ಅಲ್ಲಿ ತಡೆಯುವುದರಿಂದ. ನಾರ್ವೇಜಿಯನ್‌ನ ಮಾತ್ತೆ (ಚಾಪೆ) ಬಿಡಿಯುವುದು ಹೀಗೆಯೇ: ಮಾತ್-ತೆ (ಇಲ್ಲಿ ‘ಮಾ’ ಎಂದು ಬರೆದಿದ್ದರೂ ಸ್ವರ ಹ್ರಸ್ವ). ಒಂಟಿ ತಕಾರದ ಮಾತೆ (ಉಣಿಸು) ಮಾ-ತೆ ಎಂದು ಬಿಡಿಯುತ್ತದೆ, ಅಲ್ಲಿ ಸ್ವರವೇ ದೀರ್ಘ. ಒತ್ತು ಬೀಳುವ ಉಚ್ಚಾರಾಂಶದಲ್ಲಿ ದೀರ್ಘ ಸ್ವರ ಇರುತ್ತದೆ, ಇಲ್ಲವೇ ಹ್ರಸ್ವ ಸ್ವರದ ಜೊತೆ ದೀರ್ಘ ವ್ಯಂಜನ ಇರುತ್ತದೆ. ಗುರು ಲಘು ಹಾಕಿ ಅಭ್ಯಾಸವಿರುವ ಕಿವಿಗೆ ಇದು ಬೇಗ ಹಿಡಿಸುತ್ತದೆ.

ಬೆಸುಗೆಯನ್ನು ಹುಡುಕುವುದು ಹೇಗೆ?

ಹಿಂದಿನಿಂದ ಓದಿ. ನಮ್ಮ ತತ್ಪುರುಷದಲ್ಲಿ ಉತ್ತರಪದ ಪ್ರಧಾನವಾಗಿರುವ ಹಾಗೆಯೇ ನಾರ್ವೇಜಿಯನ್ ಸಮಾಸದಲ್ಲೂ ಕೊನೆಯ ಪದವೇ ಯಜಮಾನ. ಬಾರ್ನೆಹಾಗೆ ಎಂದರೆ ಶಿಶುವಿಹಾರ. ಕೊನೆಯಲ್ಲಿರುವುದು ಹಾಗೆ (ತೋಟ), ಮುಂದಿರುವುದು ಬಾರ್ನ್ (ಮಗು). ಲಿಂಗವೂ ಬಹುವಚನವೂ ಕೊನೆಯ ಪದದಿಂದಲೇ ಬರುತ್ತವೆ. ಬಾರ್ನ್ ನಪುಂಸಕಲಿಂಗವಾದರೂ ಹಾಗೆ ಪುಲ್ಲಿಂಗ, ಆದ್ದರಿಂದ ಬಾರ್ನೆಹಾಗೆ ಕೂಡ ಪುಲ್ಲಿಂಗ. ಬಲಗಡೆಯಿಂದ ನಿಮಗೆ ಗೊತ್ತಿರುವ ಅತ್ಯಂತ ಉದ್ದದ ಪದವನ್ನು ಗುರುತಿಸಿ, ಉಳಿದದ್ದಕ್ಕೆ ಅರ್ಥವಿದೆಯೇ ನೋಡಿ. ಇಲ್ಲದಿದ್ದರೆ ಕತ್ತರಿಸಿದ ಜಾಗ ತಪ್ಪಿದೆ.

ಕೆಲವು ಪದಗಳು ಎರಡು ಕಡೆ ಮುರಿಯುವಂತೆ ಕಾಣುತ್ತವೆ. ವೀನ್‌ದ್ರೂಎರ್ ಎಂದರೆ ದ್ರಾಕ್ಷಿ: ವೀನ್ (ವೈನ್), ದ್ರೂಎರ್ (ಗೊಂಚಲಿನ ಹಣ್ಣು). ಮೊದಲ ನಾಲ್ಕು ಅಕ್ಷರ ಮಾತ್ರ ನೋಡಿದರೆ ವಿಂದ್ (ಗಾಳಿ) ಎಂದು ಕಣ್ಣಿಗೆ ಬೀಳುತ್ತದೆ. ಬೀಲ್‌ದೇಲೆರ್, ಅಂದರೆ ಕಾರಿನ ಬಿಡಿಭಾಗಗಳು, ತಪ್ಪಾಗಿ ಮುರಿದರೆ ಮೊದಲು ಬಿಲ್ದೆ (ಚಿತ್ರ) ಕಾಣಿಸುತ್ತದೆ. ಇಂಥ ಕಡೆ ಅರ್ಥ ಬಿಟ್ಟರೆ ಬೇರೆ ದಾರಿದೀಪ ಇಲ್ಲ.

ಮಧ್ಯದಲ್ಲಿ ನುಸುಳುವ ಸಕಾರ, ಎಕಾರ ಯಾವ ಕಡೆಗೆ ಸೇರುತ್ತವೆ?

ಯಾವಾಗಲೂ ಪೂರ್ವಪದಕ್ಕೆ. ಎರಡು ಪದಗಳನ್ನು ಜೋಡಿಸಲು ಮಧ್ಯೆ ಬರುವ ಈ ಧ್ವನಿಗಳನ್ನು ಹಿಂದಿನ ಸಾಲಿನಲ್ಲೇ ಬಿಟ್ಟು ಮುಂದೆ ಹೋಗಬೇಕು: ಆರ್ಬೈದ್ಸ್-ಪ್ಲಾಸ್ಸ್ (ಕೆಲಸದ ಜಾಗ), ಬಾರ್ನೆ-ಹಾಗೆ, ಯೂಲೆ-ಗಾವೆ (ಕ್ರಿಸ್‌ಮಸ್ ಉಡುಗೊರೆ). ಉಚ್ಚಾರಾಂಶದ ಲೆಕ್ಕದಲ್ಲಿ ಇವೆರಡಕ್ಕೂ ವ್ಯತ್ಯಾಸವಿದೆ. ಎಕಾರ ಸ್ವರವಾದ್ದರಿಂದ ಒಂದು ಉಚ್ಚಾರಾಂಶ ಕೂಡಿಸುತ್ತದೆ: ಬಾರ್ನ್ ಒಂದು, ಹಾಗೆ ಎರಡು, ಸೇರಿದಾಗ ಬಾರ್-ನೆ-ಹಾ-ಗೆ ಎಂದು ನಾಲ್ಕು. ಸಕಾರ ಏನನ್ನೂ ಕೂಡಿಸುವುದಿಲ್ಲ.

ಸಕಾರ ಸ್ವಲ್ಪ ಮೋಸ ಮಾಡುವ ಧ್ವನಿ, ಏಕೆಂದರೆ ಅದು ಮುಂದಿನ ವ್ಯಂಜನದ ಜೊತೆ ಸುಲಭವಾಗಿ ಕೂಡಿಕೊಳ್ಳುತ್ತದೆ. ನಾರ್ವೆಗೆ ಬಂದ ಎಲ್ಲರೂ ಮೊದಲ ದಿನಗಳಲ್ಲೇ ಎದುರಿಸುವ ಪದ ಒಪ್ಪ್‌ಹೊಲ್ದ್ಸ್ತಿಲ್ಲಾತೆಲ್ಸೆ, ವಾಸದ ಪರವಾನಗಿ. ಮಧ್ಯೆ ‘ಸ್ತಿಲ್ಲ್’ ಎಂಬುದು ಕಣ್ಣಿಗೆ ಹೊಡೆಯುತ್ತದೆ. ನಿಶ್ಶಬ್ದ ಎಂಬ ಅರ್ಥದ ಸ್ತಿಲ್ಲೆ ನೆನಪಾಗುತ್ತದೆ. ನಿಜವಾದ ಬೆಸುಗೆ ಒಪ್ಪ್‌ಹೊಲ್ದ್ಸ್-ತಿಲ್ಲಾತೆಲ್ಸೆ: ವಾಸ, ಜೋಡಣೆಯ ಸಕಾರ, ಅನುಮತಿ. ಇನ್ನೂ ಒಳಗೆ ಹೋದರೆ ಒಪ್ಪ್-ಹೊಲ್ದ್ಸ್-ತಿಲ್-ಲಾ-ತೆಲ್-ಸೆ, ಒಟ್ಟು ಆರು ಉಚ್ಚಾರಾಂಶ.

ಇದೇ ಸಕಾರ ಇನ್ನೊಂದು ಕಡೆ ನಿಮಗೆ ನೆರವಾಗುತ್ತದೆ. ವೈನ್ ಗ್ಲಾಸಿಗೆ ವೀನ್‌ಗ್ಲಾಸ್ಸ್, ಮಧ್ಯೆ ಸಕಾರ ಇಲ್ಲ. ಕೆಂಪು ವೈನ್ ಗ್ಲಾಸಿಗೆ ರೋದ್‌ವೀನ್ಸ್‌ಗ್ಲಾಸ್ಸ್, ಇಲ್ಲಿ ಸಕಾರ ಬಂದಿದೆ. ಮೊದಲ ಭಾಗವೇ ಒಂದು ಸಮಾಸವಾಗಿದ್ದರೆ (ಕೆಂಪು + ವೈನ್) ಅದು ಮುಗಿಯುವ ಜಾಗದಲ್ಲಿ ಸಕಾರ ನಿಲ್ಲುವುದು ಸಾಮಾನ್ಯ. ದೊಡ್ಡ ಬೆಸುಗೆ ಇಲ್ಲಿದೆ ಎಂದು ಅದು ಹೇಳುತ್ತದೆ: ಕೆಂಪು ವೈನಿನ ಗ್ಲಾಸು, ಕೆಂಪು ಬಣ್ಣದ ಗ್ಲಾಸಲ್ಲ. ಎಲ್ಲ ಪದಗಳಲ್ಲೂ ಹೀಗೇ ಆಗುತ್ತದೆಂದು ನಂಬಿಕೊಳ್ಳಬೇಡಿ. ಆದರೆ ಉದ್ದನೆಯ ಪದದಲ್ಲಿ ಸಕಾರ ಕಂಡರೆ ಮೊದಲು ಅಲ್ಲೇ ಮುರಿದು ನೋಡಿ.

ಉತ್ತರಪದವೇ ಸಕಾರದಿಂದ ಶುರುವಾದರೆ ಎರಡೂ ಸಕಾರ ಉಳಿಯುತ್ತವೆ. ಕೆಲಸದ ಸ್ಥಳ ಆರ್ಬೈದ್ಸ್-ಸ್ತೇದ್, ಎರಡು ಸಕಾರ. ಹಳ್ಳಿಗಾಡಿನ ವಿರಾಮದ ಮನೆ ಲಾಂದ್-ಸ್ತೇದ್, ಒಂದೇ ಸಕಾರ, ಅದು ಉತ್ತರಪದದ್ದು.

ಮೂರು ಒಂದೇ ವ್ಯಂಜನ ಒಟ್ಟಿಗೆ ಬಂದರೆ ಏನಾಗುತ್ತದೆ?

ಇದು ನನಗೆ ಬಹಳ ಇಷ್ಟವಾದ ನಿಯಮ. ಒಟ್ಟಿಗೆ ಬರೆಯುವಾಗ ಮೂರರಲ್ಲಿ ಒಂದು ಬಿದ್ದುಹೋಗುತ್ತದೆ, ಸಾಲಿನ ತುದಿಯಲ್ಲಿ ಮುರಿದಾಗ ಅದು ಮರಳಿ ಬರುತ್ತದೆ.

ನಾತ್ತ್ ಎಂದರೆ ರಾತ್ರಿ, ಎರಡು ತಕಾರ. ತೋಗ್ ಎಂದರೆ ರೈಲು. ಸೇರಿಸಿದರೆ ಮೂರು ತಕಾರ ಬರಬೇಕಿತ್ತು. ಆದರೆ ಬರೆಯುವುದು ಎರಡೇ: ನಾತ್ತೋಗ್, ರಾತ್ರಿ ರೈಲು. ಇದೇ ಪದ ಸಾಲಿನ ಕೊನೆಗೆ ಸಿಕ್ಕಿ ಮುರಿಯಬೇಕಾದರೆ ನಾತ್ತ್-ತೋಗ್ ಎಂದು ಮೂರನ್ನೂ ಬರೆಯಬೇಕು. ಅಡ್ಡಗೀಟಿನ ಹಿಂದೆ ಎರಡು, ಮುಂದೆ ಒಂದು.

ದಿನಬಳಕೆಯಲ್ಲಿ ಇಂಥವು ಬೇಕಾದಷ್ಟು. ಬಸ್ ನಿಲ್ದಾಣ ಬುಸ್ಸ್ತೊಪ್ಪ್, ಮುರಿದರೆ ಬುಸ್ಸ್-ಸ್ತೊಪ್ಪ್. ಫುಟ್‌ಬಾಲ್ ತಂಡ ಫೂತ್‌ಬಾಲ್ಲಾಗ್, ಮುರಿದರೆ ಫೂತ್‌ಬಾಲ್ಲ್-ಲಾಗ್. ಸಂವಿಧಾನ ದಿನವಾದ ಮೇ 17ರ ಮೆರವಣಿಗೆಯಲ್ಲಿ ನುಡಿಸುತ್ತಾ ಹೋಗುವ ವಾದ್ಯಮೇಳ ಮುಸಿಕ್ಕೊರ್ಪ್ಸ್, ಮುರಿದರೆ ಮುಸಿಕ್ಕ್-ಕೊರ್ಪ್ಸ್. ಮೀನಿನ ಅಂಗಡಿಯಲ್ಲಿ ಕಾಣುವ ವಿಲ್ಲಾಕ್ಸ್ (ಕಾಡು ಸಾಲ್ಮನ್) ವಿಲ್ಲ್-ಲಾಕ್ಸ್. ಇವನ್ನು ನಿಘಂಟಿನಲ್ಲಿ ಹುಡುಕುವಾಗ ಎರಡೇ ವ್ಯಂಜನ ಹಾಕಿ ಹುಡುಕಬೇಕು, ಮೂರು ಹಾಕಿದರೆ ಸಿಗುವುದಿಲ್ಲ.

ಜರ್ಮನ್ ಬಲ್ಲವರು ಇಲ್ಲಿ ಎಚ್ಚರವಾಗಿರಬೇಕು. 1996ರ ಕಾಗುಣಿತ ಸುಧಾರಣೆಯ ನಂತರ ಜರ್ಮನ್‌ನಲ್ಲಿ ಮೂರು ವ್ಯಂಜನಗಳನ್ನೂ ಒಟ್ಟಿಗೇ ಬರೆಯುತ್ತಾರೆ. ನಾರ್ವೇಜಿಯನ್‌ನಲ್ಲಿ ಬರೆಯುವುದಿಲ್ಲ.

ಸಮಾಸವಲ್ಲದ ಪದವನ್ನು, ಅಥವಾ ಸಮಾಸದ ಒಂದು ತುಂಡನ್ನು ಮುರಿಯುವುದು ಹೇಗೆ?

ಒಂದು ವ್ಯಂಜನ ಮುಂದಿನ ಸಾಲಿಗೆ ಹೋಗಬೇಕು. ಇದು ‘ಒಂದು ವ್ಯಂಜನದ ನಿಯಮ’. ಕಾಸ್-ತೆ (ಎಸೆ), ಮಾ-ತೆ, ಮಾತ್-ತೆ, ಯೆಲ್-ಪೆ (ನೆರವಾಗು). ವ್ಯಂಜನಗಳ ಗುಂಪು ಎಷ್ಟೇ ದೊಡ್ಡದಿರಲಿ, ಕೊನೆಯದೊಂದೇ ಕೆಳಗೆ ಇಳಿಯುತ್ತದೆ: ಆಂದ್-ರೆ (ಇತರರು). ಎರಡು ಮೂರು ಅಕ್ಷರ ಸೇರಿ ಒಂದೇ ಧ್ವನಿ ಸೂಚಿಸುವಾಗ, ಉದಾಹರಣೆಗೆ ಷಕಾರಕ್ಕೆ ಎಸ್-ಕೆ-ಜೆ ಬರೆದಾಗ, ಆ ಗುಂಪನ್ನು ಒಡೆಯುವಂತಿಲ್ಲ: ಕಾನ್-ಷೆ (ಬಹುಶಃ). ಒಂಟಿ ಅಕ್ಷರವನ್ನು ಸಾಲಿನ ತುದಿಯಲ್ಲಿ ಅನಾಥವಾಗಿ ಬಿಡಬಾರದು. ಸಂಧ್ಯಕ್ಷರವನ್ನೂ (ಎರಡು ಸ್ವರ ಕೂಡಿ ಆದ ಒಂದೇ ಧ್ವನಿ) ಮಧ್ಯೆ ಸೀಳಬಾರದು.

ಸಮಾಸಪದದಲ್ಲಿ ಬೆಸುಗೆಯ ಜಾಗ ಕೈಗೆ ಸಿಗುವಂತಿದ್ದರೆ ಈ ನಿಯಮದ ಗೊಡವೆಗೇ ಹೋಗಬೇಡಿ. ಬೆಸುಗೆಯಲ್ಲೇ ಮುರಿಯಿರಿ.

ಒಂದು ಪದದಲ್ಲಿ ಎಷ್ಟು ಉಚ್ಚಾರಾಂಶ ಇದೆ ಎಂದು ಎಣಿಸುವುದು ಹೇಗೆ?

ಸ್ವರಗಳನ್ನು ಎಣಿಸಿ. ನಾರ್ವೇಜಿಯನ್‌ನಲ್ಲಿ ಸ್ವರಾಕ್ಷರಗಳು 9: ಇಂಗ್ಲಿಷಿನ ಐದು, ಜೊತೆಗೆ ವೈ, ಎ-ಇ ಅಂಟಿಕೊಂಡ ಅಕ್ಷರ, ಗೀಟು ಹೊಡೆದ ಓ, ತಲೆಯ ಮೇಲೆ ಪುಟ್ಟ ವೃತ್ತವಿರುವ ಎ. ಸಂಧ್ಯಕ್ಷರ ಒಂದೇ ಲೆಕ್ಕ. ಆರ್ಬೈದ್ (ಕೆಲಸ) ಎಂಬುದರಲ್ಲಿ ಮೂರು ಸ್ವರಾಕ್ಷರ ಕಂಡರೂ ‘ಐ’ ಒಂದೇ ಆದ್ದರಿಂದ ಎರಡೇ ಉಚ್ಚಾರಾಂಶ.

ಅತಿ ಉದ್ದದ ನಾರ್ವೇಜಿಯನ್ ಪದ ಎಂದು ಜನ ತೋರಿಸುವ ಒಂದನ್ನು ಬಿಡಿಸೋಣ. ಜಿಲ್ಲೆಯ ಸಂಚಾರ ಸುರಕ್ಷತಾ ಸಮಿತಿಯ ಕಾರ್ಯಾಲಯದ ಮುಖ್ಯಸ್ಥನ ಹೊಣೆಗಳು, ಇಷ್ಟೂ ಒಂದೇ ಪದದಲ್ಲಿ: ಫ್ಯುಲ್ಕೆಸ್-ತ್ರಾಫಿಕ್ಕ್-ಸಿಕ್ಕೆರ್ಹೇತ್ಸ್-ಊತ್ವಾಲ್ಗ್ಸ್-ಸೆಕ್ರೆತಾರಿಆತ್ಸ್-ಲೇದೆರ್-ಫುಂಕ್ಷೂನೆನೆ. ಏಳು ತುಂಡು, ಇಪ್ಪತ್ತು ಉಚ್ಚಾರಾಂಶ. ನಾಲ್ಕು ತುಂಡುಗಳು ಜೋಡಣೆಯ ಸಕಾರದಿಂದ ಮುಗಿಯುವುದನ್ನು ಗಮನಿಸಿ. ಇದನ್ನು ಯಾರೂ ದಿನಾ ಬಳಸುವುದಿಲ್ಲ. ಆದರೆ ಏಳು ತುಂಡುಗಳಲ್ಲಿ ಒಂದೊಂದೂ ಪತ್ರಿಕೆಯಲ್ಲಿ ದಿನಾ ಸಿಗುವ ಪದವೇ. ಬಿಡಿಸಲು ಬಂದರೆ ಇದರಲ್ಲಿ ಹೆದರಿಕೆ ಹುಟ್ಟಿಸುವಂಥದ್ದು ಏನೂ ಇಲ್ಲ.

ಬರೆದದ್ದು ಒಂದು, ಕೇಳಿಸುವುದು ಇನ್ನೊಂದು. ಯಾಕೆ?

ಕನ್ನಡದ ಕಿವಿಗೆ ಇದು ಹಬ್ಬ. ಓಸ್ಲೋ ಸುತ್ತಿನ ಪೂರ್ವ ಭಾಗದಲ್ಲೂ ಉತ್ತರದಲ್ಲೂ ರಕಾರದ ಮುಂದೆ ತ, ದ, ನ, ಲ, ಸ ಬಂದರೆ ಎರಡೂ ಕರಗಿ ಕ್ರಮವಾಗಿ ಟ, ಡ, ಣ, ಳ, ಷ ಆಗುತ್ತವೆ. ನಮ್ಮ ಮೂರ್ಧನ್ಯ ಧ್ವನಿಗಳೇ! ಬಾರ್ನ್ ಎಂದು ಬರೆದದ್ದು ಬಾಣ್ ಎಂದು ಕೇಳಿಸುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ತಿಣುಕುವ ಈ ಧ್ವನಿ ನಮಗೆ ಹುಟ್ಟಿನಿಂದಲೇ ಬಂದಿದೆ.

ಬೆಸುಗೆಯ ಜಾಗದಲ್ಲೂ ಇದು ನಡೆಯುತ್ತದೆ, ತೊಡಕಾಗುವುದು ಅಲ್ಲಿಯೇ. ಚಳಿಗಾಲದ ಟೈರ್ ವಿಂತೆರ್‌ದೆಕ್ಕ್. ಮಾತಿನಲ್ಲಿ ಅದು ವಿಂತೆಡೆಕ್ಕ್. ಪೂರ್ವಪದದ ರಕಾರವೂ ಉತ್ತರಪದದ ದಕಾರವೂ ಸೇರಿ ಒಂದೇ ಡಕಾರವಾಯಿತು. ಕಿವಿಯನ್ನು ನಂಬಿ ಬರೆಯಹೊರಟರೆ ರಕಾರ ತಪ್ಪಿಹೋಗುತ್ತದೆ. ವಸಂತದ ಬಿಸಿಲು ವೋರ್-ಸೂಲ್, ಕೇಳುವುದು ವೋಷೂಲ್. ಡ, ಷ ಕೇಳಿಸಿದಾಗ ಒಳಗೊಂದು ರಕಾರ ಅಡಗಿದೆಯೇ ಎಂದು ಅನುಮಾನಿಸಿ, ಅದನ್ನು ಪೂರ್ವಪದದ ಕೊನೆಗೆ ಇಟ್ಟು ನೋಡಿ.

ಬರ್ಗೆನ್, ಸ್ತಾವಾಂಗೆರ್, ಕ್ರಿಸ್ತಿಯಾನ್‌ಸಾಂದ್ ಕಡೆ ರಕಾರವನ್ನು ಗಂಟಲಲ್ಲಿ ಹೇಳುತ್ತಾರೆ. ಅಲ್ಲಿ ಈ ಕರಗುವಿಕೆ ಇಲ್ಲ, ರಕಾರ ದಕಾರ ಎರಡೂ ಬಿಡಿಬಿಡಿಯಾಗಿ ಕೇಳಿಸುತ್ತವೆ. ಬರ್ಗೆನ್‌ನಲ್ಲಿ ಇರುವವರಿಗೆ ಬೆಸುಗೆ ಹುಡುಕುವುದು ಈ ಮಟ್ಟಿಗೆ ಸುಲಭ.

ಮಾತಿನಲ್ಲಿ ಇದು ಒಂದೇ ಪದ ಎಂದು ಗೊತ್ತಾಗುವುದು ಹೇಗೆ?

ಒತ್ತಿನಿಂದ. ಸ್ತೂರ್ ಬ್ಯೂ ಎಂದು ಎರಡು ಪದವಾಗಿ ಹೇಳಿದರೆ (ದೊಡ್ಡ ಊರು) ಎರಡಕ್ಕೂ ಒತ್ತು ಬೀಳುತ್ತದೆ. ಸ್ತೂರ್‌ಬ್ಯೂ ಎಂದು ಒಂದೇ ಪದವಾದರೆ (ಮಹಾನಗರ) ಮುಖ್ಯ ಒತ್ತು ಪೂರ್ವಪದಕ್ಕೆ, ಉತ್ತರಪದಕ್ಕೆ ಹಗುರಾದ ಎರಡನೇ ಒತ್ತು, ಇಡೀ ಪದಕ್ಕೆ ದನಿಯ ಏರಿಳಿತ ಒಂದೇ.

ಎರಡು ಪದವಾಗಿ ಬಿಡಿಸಿ ಬರೆದರೆ ತಪ್ಪೇ?

ತಪ್ಪು, ಮತ್ತು ನಾರ್ವೆಯ ಜನ ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಸಮಾಸವನ್ನು ಜಾಗ ಬಿಟ್ಟು ಬರೆಯುವುದಕ್ಕೆ ಸ್ಯಾರ್‌ಸ್ಕ್ರೀವಿಂಗ್ ಎನ್ನುತ್ತಾರೆ. ಇಂಗ್ಲಿಷ್ ರೂಢಿಯವರಿಗೆ ಇದು ಅತಿ ಸುಲಭವಾಗಿ ಬರುವ ತಪ್ಪು. ಅರ್ಥ ಪೂರಾ ಕೆಡುತ್ತದೆ. ರೋಯ್ಕ್‌ಫ್ರಿತ್ತ್ ಎಂದರೆ ಧೂಮಪಾನಮುಕ್ತ. ರೋಯ್ಕ್ ಫ್ರಿತ್ತ್ ಎಂದು ಬಿಡಿಸಿದರೆ ‘ಧಾರಾಳವಾಗಿ ಸೇದಿ’ ಎಂದಾಗುತ್ತದೆ. ಲಾಮ್ಮೆಲೋರ್ ಕುರಿಮರಿಯ ತೊಡೆಮಾಂಸ, ಲಾಮ್ಮೆ ಲೋರ್ ಲಕ್ವ ಹೊಡೆದ ತೊಡೆಗಳು. ಕನ್ನಡದಲ್ಲಿ ರೈಲು ನಿಲ್ದಾಣ ಎಂದು ಬಿಡಿಸಿ ಬರೆದರೂ ಸೇರಿಸಿ ಬರೆದರೂ ಅರ್ಥ ಉಳಿಯುತ್ತದೆ. ಆ ಸ್ವಾತಂತ್ರ್ಯ ನಾರ್ವೇಜಿಯನ್‌ನಲ್ಲಿ ಇಲ್ಲ. ಅನುಮಾನವಿದ್ದರೆ ಜೋರಾಗಿ ಹೇಳಿ ನೋಡಿ: ಮುಖ್ಯ ಒತ್ತು ಮೊದಲ ಪದದ ಮೇಲೆ ಒಂದೇ ಇದ್ದರೆ ಸೇರಿಸಿ ಬರೆಯಿರಿ.

ಅಡ್ಡಗೀಟು ಸಮಾಸದ ಭಾಗವಾಗಿಯೇ ಬರುವುದು ಯಾವಾಗ?

ಸಂಕ್ಷೇಪಾಕ್ಷರ ಪೂರ್ವಪದವಾದಾಗ (ಟಿವಿ-ಪ್ರೊಗ್ರಾಮ್), ಮತ್ತು ಒಂದೇ ಉತ್ತರಪದವನ್ನು ಇಬ್ಬರು ಹಂಚಿಕೊಂಡಾಗ: ಸೊಮ್ಮೆರ್- ಓ ವಿಂತೆರ್‌ದೆಕ್ಕ್, ಬೇಸಿಗೆಯ ಮತ್ತು ಚಳಿಗಾಲದ ಟೈರು. ಮೊದಲ ಪದದ ಕೊನೆಯಲ್ಲಿ ನೇತಾಡುವ ಗೀಟು ‘ಬಾಕಿ ಭಾಗ ಮುಂದೆ ಬರುತ್ತದೆ’ ಎಂಬ ಸೂಚನೆ.

ಕಂಪ್ಯೂಟರ್ ತಾನೇ ಮುರಿಯುವುದಿಲ್ಲವೇ?

ಮುರಿಯುತ್ತದೆ, ಭಾಷೆ ಯಾವುದೆಂದು ಹೇಳಿದರೆ. ವೆಬ್ ಪುಟದಲ್ಲಿ ಬೊಕ್‌ಮೋಲ್‌ಗೆ ‘ಎನ್‌ಬಿ’, ನ್ಯೂನೊರ್ಸ್ಕ್‌ಗೆ ‘ಎನ್‌ಎನ್’ ಎಂಬ ಭಾಷಾ ಸಂಕೇತ ಕೊಟ್ಟು, ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಹೈಫನ್ ಸೌಲಭ್ಯವನ್ನು ಸ್ವಯಂಚಾಲಿತ ಮಾಡಬೇಕು. ಭಾಷೆ ಇಂಗ್ಲಿಷ್ ಎಂದೇ ಉಳಿದಿದ್ದರೆ ಇಂಗ್ಲಿಷ್ ನಿಯಮದಂತೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಪುಟ ಜೋಡಿಸುವ ತಂತ್ರಾಂಶವಾದ ಟೆಕ್‌ನಲ್ಲಿ ಎರಡೂ ರೂಪಗಳಿಗೆ ಮುರಿಯುವ ವಿನ್ಯಾಸಗಳಿವೆ. ಅವು ಅಕ್ಷರಗಳ ಸಾಲು ನೋಡಿ ತೀರ್ಮಾನಿಸುತ್ತವೆ, ಅರ್ಥ ನೋಡಿ ಅಲ್ಲ. ಆದ್ದರಿಂದ ಹೊಸ ಸಮಾಸಗಳಲ್ಲಿ ತಪ್ಪುವುದುಂಟು.

ಬಿದ್ದುಹೋದ ಮೂರನೇ ವ್ಯಂಜನವನ್ನು ಮರಳಿ ತರುವುದು ಯಂತ್ರಕ್ಕೆ ಇನ್ನೂ ಕಷ್ಟದ ಕೆಲಸ. ಟೆಕ್‌ನ ಬೇಬಲ್ ಪ್ಯಾಕೇಜಿನಲ್ಲಿ ನಾರ್ವೇಜಿಯನ್‌ಗೆಂದೇ ಒಂದು ಅನುಕೂಲವಿದೆ: ಜೋಡಿ ವ್ಯಂಜನಕ್ಕೆ ಮೊದಲು ಉದ್ಧರಣ ಚಿಹ್ನೆ ಹಾಕಿದರೆ, ಮುರಿಯುವಾಗ ಮಾತ್ರ ಮೂರನೆಯದು ಮೂಡುತ್ತದೆ. ಬೇರೆ ಕಡೆ ನಿಮಗೆ ಬೇಕಾದ ಜಾಗದಲ್ಲಿ ಸಾಫ್ಟ್ ಹೈಫನ್ ಹಾಕಬಹುದು. ಅಗತ್ಯ ಬಿದ್ದಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಮೊಬೈಲ್ ಪರದೆಯಲ್ಲಿ ಉದ್ದದ ಶೀರ್ಷಿಕೆ ಹೊರಚೆಲ್ಲುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಊರಿನ ಹೆಸರುಗಳನ್ನೂ ಹೀಗೇ ಬಿಡಿಸಬಹುದೇ?

ಬಹಳಷ್ಟನ್ನು ಬಿಡಿಸಬಹುದು. ಲಿಲ್ಲೆ-ಹಾಮ್ಮೆರ್, ಶಿರ್ಕೆ-ನೇಸ್ (ಚರ್ಚಿನ ಭೂಶಿರ), ತ್ರೊಮ್ಸ್-ಓ, ಸ್ವಾಲ್-ಬಾರ್ದ್. ಲೊಂಗ್‌ಯಿಯರ್-ಬ್ಯೂಎನ್‌ನಲ್ಲಿ ಪೂರ್ವಪದ ಅಲ್ಲಿ ಕಲ್ಲಿದ್ದಲು ಗಣಿ ನಡೆಸಿದ ಅಮೆರಿಕನ್ ಉದ್ಯಮಿ ಜಾನ್ ಮನ್ರೋ ಲಾಂಗ್‌ಯಿಯರ್ ಅವರ ಹೆಸರು. ಸ್ತಾವಾಂಗೆರ್ ಹಳೆಯ ಕಾಲದ ಸಮಾಸ: ಸ್ತಾವ್ ಮತ್ತು ಆಂಗೆರ್, ಎರಡನೆಯದು ಫ್ಯೋರ್ದ್‌ಗೆ (ಬೆಟ್ಟಗಳ ನಡುವೆ ಒಳಹೊಕ್ಕ ಕಡಲ ಕೊಲ್ಲಿ) ಹಳೆಯ ಹೆಸರು. ಹಾರ್ದ್-ಆಂಗೆರ್‌ನಲ್ಲೂ ಅದೇ ಇದೆ. ಇಂದಿನ ಕಿವಿಗೆ ಆ ಬೆಸುಗೆ ಕೇಳಿಸುವುದಿಲ್ಲ, ಸ್ತಾ-ವಾಂಗೆರ್ ಎಂದೇ ಬಾಯಿಗೆ ಬರುತ್ತದೆ.

ಅನುಮಾನ ಬಂದಾಗ ಎಲ್ಲಿ ನೋಡಬೇಕು?

ಬರ್ಗೆನ್ ವಿಶ್ವವಿದ್ಯಾಲಯ ಮತ್ತು ಭಾಷಾ ಮಂಡಳಿಯಾದ ಸ್ಪ್ರೋಕ್‌ರೋದೆತ್ ಸೇರಿ ನಡೆಸುವ ಬೊಕ್‌ಮೋಲ್ಸ್‌ಊರ್ದ್‌ಬೂಕಾ, ನ್ಯೂನೊರ್ಸ್ಕ್‌ಊರ್ದ್‌ಬೂಕಾ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತ. ಇಡೀ ಪದ ಸಿಗದಿದ್ದರೆ ಗಾಬರಿ ಬೇಡ, ಎಲ್ಲ ಸಮಾಸಗಳನ್ನೂ ಯಾವ ನಿಘಂಟೂ ಹಿಡಿಯಲಾರದು. ಕೊನೆಯ ತುಂಡನ್ನು ಹುಡುಕಿ, ಆಮೇಲೆ ಮೊದಲನೆಯದನ್ನು. ನಿಘಂಟಿನಲ್ಲಿ ಅಕಾರಾದಿ ಹುಡುಕುವಾಗ ಒಂದು ನೆನಪಿರಲಿ: ಮೂರು ವಿಶೇಷ ಸ್ವರಗಳು ಝಡ್ ಆದ ಮೇಲೆ ಬರುತ್ತವೆ, ವೃತ್ತವಿರುವ ಎ ಎಲ್ಲಕ್ಕಿಂತ ಕೊನೆಗೆ.